ಆಕ್ಷೇಪಣೆ: ಇಲ್ಲ

ಸಭಾಪಾಲಕನಾಗಿ ನಾನು ಮಾಡಿದ ತಪ್ಪುಗಳಲ್ಲಿ ಅಚ್ಚುಕಟ್ಟಾಗಿ ಮಾಡಿದ್ದು ಒಂದೇ. ಅದನ್ನು ನೀಲಿ ಶಾಯಿಯಲ್ಲಿ, ದುಂಡನೆಯ ಅಕ್ಷರದಲ್ಲಿ, ಗೆರೆಯ ಮೇಲೆ ಕೂರಿಸಿ ಬರೆಯುತ್ತಿದ್ದೆ.

ನಮ್ಮ ಕ್ರೈಸ್ತ ಸಭೆಗಳಲ್ಲಿ ಮದುವೆ ಗೊತ್ತಾದರೆ ಮೂರು ಭಾನುವಾರ ಆರಾಧನೆಯ ನಡುವೆ ಅದನ್ನು ಎಲ್ಲರೆದುರು ಓದುವ ಪದ್ಧತಿಯಿದೆ. ಇಂಥವರ ಮಗನಿಗೂ ಇಂಥವರ ಮಗಳಿಗೂ ವಿವಾಹ ನಿಶ್ಚಯವಾಗಿದೆ, ಇದಕ್ಕೆ ತಕ್ಕ ಅಡ್ಡಿ ಏನಾದರೂ ಇದೆಯೆಂದು ಬಲ್ಲವರು ಈಗಲೇ ತಿಳಿಸಬೇಕು ಎಂದು ಪಾಲಕ ಕೇಳುತ್ತಾನೆ. ಆಮೇಲೆ ನಾಲ್ಕೈದು ಕ್ಷಣ ಸುಮ್ಮನೆ ನಿಲ್ಲುತ್ತಾನೆ. ಯಾರೋ ಕೆಮ್ಮುತ್ತಾರೆ. ಪಾಲಕ ಮುಂದಿನ ಹಾಡಿನ ನಂಬರು ಹೇಳುತ್ತಾನೆ. ಇದಕ್ಕೆ ಪ್ರಕಟಣೆ ಎನ್ನುತ್ತೇವೆ. ಪ್ರತಿ ಪ್ರಕಟಣೆಗೂ ರಿಜಿಸ್ಟರಿನಲ್ಲಿ ಒಂದು ಸಾಲು, ಸಾಲಿನ ಕೊನೆಯಲ್ಲಿ 'ಆಕ್ಷೇಪಣೆ' ಎಂಬ ಅಂಕಣ. ಮೂವತ್ತು ವರ್ಷಗಳಲ್ಲಿ ಒಬ್ಬರೂ ಆಕ್ಷೇಪಿಸಿರಲಿಲ್ಲ. ಹಾಗಾಗಿ ಮೊದಲ ಪ್ರಕಟಣೆಯ ಹಿಂದಿನ ದಿನವೇ ಮೂರೂ ಸಾಲುಗಳಿಗೆ 'ಇಲ್ಲ, ಇಲ್ಲ, ಇಲ್ಲ' ಎಂದು ಬರೆದಿಡುವುದು ನನ್ನ ರೂಢಿ. ನನಗೆ ಕೆಲಸ ಕಲಿಸಿದ ಹಿರಿಯರೂ ಹಾಗೆಯೇ ಮಾಡುತ್ತಿದ್ದರು. ಭಾನುವಾರ ನೂರು ಕೆಲಸ, ನಡುವೆ ಪೆನ್ನು ಹುಡುಕುತ್ತಾ ಕೂರುವುದಕ್ಕಾಗುತ್ತದೆಯೇ ಎನ್ನುತ್ತಿದ್ದರು.

ಹೊಸದಾಗಿ ಈ ಸೇವೆಗೆ ಬರುವ ಹುಡುಗ ಹುಡುಗಿಯರಿಗೆ ಉಪಯೋಗವಾಗುವಂಥದ್ದು ಏನಾದರೂ ಬರೆದುಕೊಡಿ ಎಂದು ನನ್ನ ನಂತರ ಬಂದ ಪಾಲಕರು ಕೇಳಿದ್ದಾರೆ. ಭಾನುವಾರದ ಉಪದೇಶದ ಪ್ರಸಂಗ ತಯಾರಿಸುವುದು ಹೇಗೆ ಎಂಬಂಥದ್ದನ್ನು ಅವರು ನಿರೀಕ್ಷಿಸಿರಬೇಕು. ನನ್ನ ಪ್ರಸಂಗ ಕೇಳಿದವರು ಯಾರೂ ಅದನ್ನು ನನ್ನಿಂದ ಕಲಿಯಬಯಸುವುದಿಲ್ಲ. ನಾನು ಬರೆಯಬೇಕೆಂದಿರುವುದು ಈ ಅಂಕಣದ ಬಗ್ಗೆ.

ನಾನು ಮೈಸೂರಿನವನು. ಚೆನ್ನೈಯ ಕನ್ನಡ ಸಭೆಗೆ ಮೂರು ವರ್ಷಕ್ಕೆಂದು ಬಂದವನು ನಿವೃತ್ತನಾಗುವವರೆಗೆ ಹದಿನೆಂಟು ವರ್ಷ ಇಲ್ಲೇ ಉಳಿದೆ. ನನ್ನ ಸೇವೆ ಮೆಚ್ಚಿ ಉಳಿಸಿಕೊಂಡರೆಂದು ಹೇಳಿಕೊಳ್ಳುವ ಆಸೆಯಿದೆ. ನಿಜವೆಂದರೆ ವರ್ಗಾವಣೆಯ ಪಟ್ಟಿ ಮಾಡುವವರಿಗೆ ಇಂಥದೊಂದು ಸಭೆಯಿದೆ ಎನ್ನುವುದೇ ಮರೆತುಹೋಗಿತ್ತು. ನಮಗೆ ಸ್ವಂತ ಕಟ್ಟಡವಿಲ್ಲ. ಪೆರಂಬೂರಿನ ಕಡೆ ಒಂದು ತಮಿಳು ಚರ್ಚಿನವರು ಭಾನುವಾರ ಸಂಜೆ ನಾಲ್ಕರಿಂದ ಐದೂವರೆಯವರೆಗೆ ಜಾಗ ಕೊಡುತ್ತಿದ್ದರು, ಪಕ್ಕದ ಪಾಲಕರ ಕೋಣೆಯನ್ನು ಬೇಕಾದಾಗ ಬಳಸಲು ಬಿಟ್ಟಿದ್ದರು. ರೈಲ್ವೆ, ಬ್ಯಾಂಕು, ವಿಮೆ ಎಂದು ಕೆಲಸಕ್ಕೆ ಬಂದು ಇಲ್ಲೇ ನೆಲೆನಿಂತ ಕುಟುಂಬಗಳ ಅರವತ್ತು ಚಿಲ್ಲರೆ ಜನ ಸೇರುತ್ತಿದ್ದರು. ಹುಬ್ಬಳ್ಳಿಯವರು ಹುಬ್ಬಳ್ಳಿಯ ಕನ್ನಡದಲ್ಲಿ, ಮಂಗಳೂರಿನವರು ಮಂಗಳೂರಿನ ಕನ್ನಡದಲ್ಲಿ ಮಾತಾಡುತ್ತಿದ್ದರು. ಮಕ್ಕಳು ಎಲ್ಲವನ್ನೂ ಅರ್ಥ ಮಾಡಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದರು.

ಹಾಡುವಾಗ ನಾನು ತಲೆ ಎಣಿಸುತ್ತಿದ್ದೆ. ಎಲ್ಲ ಪಾಲಕರೂ ಎಣಿಸುತ್ತಾರೆ, ಇಲ್ಲವೆನ್ನುವವರನ್ನು ನಂಬಬೇಡಿ. ಆದರೆ ಅಧಿಕೃತ ಎಣಿಕೆ ಸಭೆಯ ಕಾರ್ಯದರ್ಶಿ ಸಾಲೋಮನ್ ಅಣ್ಣಿಗೇರಿಯವರದು. ಧಾರವಾಡದ ಕಡೆಯವರು, ರೈಲ್ವೆ ಕಚೇರಿಯಲ್ಲಿ ಮೂವತ್ತಾರು ವರ್ಷ ಫೈಲು ನೋಡಿ ನಿವೃತ್ತರಾದವರು. ಮೊದಲ ಬೆಂಚಿನಲ್ಲಿ ಕೂತು, ಎರಡನೆಯ ಹಾಡಿಗೆ ಹಿಂದಿರುಗಿ ನೋಡಿ, ಹಾಜರಿ ಪುಸ್ತಕದಲ್ಲಿ ಸಂಖ್ಯೆ ಬರೆದು ಸಹಿ ಹಾಕುತ್ತಿದ್ದರು. ಸಹಿಯ ಕೆಳಗೆ 'ಕಾರ್ಯದರ್ಶಿ' ಎಂದು ಬರೆಯದಿದ್ದರೆ ಅವರ ಕೈಗೆ ಸಮಾಧಾನವಿಲ್ಲ. ಹಾಲಿನವನಿಗೆ ಚೀಟಿ ಬರೆದಿಟ್ಟರೂ ಕೆಳಗೆ ಕಾರ್ಯದರ್ಶಿ ಎಂದೇ ಇರುತ್ತದೆ ಎಂದು ಅವರ ಹೆಂಡತಿ ಶಾಂತಾಬಾಯಿ ನಗುತ್ತಿದ್ದರು.

ಬಂದ ಹೊಸದರಲ್ಲಿ ನನ್ನ ಬಂಡವಾಳವೆಲ್ಲ ಒಂದು ನೋಟ್‌ಬುಕ್ಕಿನಲ್ಲಿತ್ತು. ಓದುವಾಗ ಗುರುಗಳ ಟಿಪ್ಪಣಿಯಿಂದ ನಕಲು ಮಾಡಿಕೊಂಡದ್ದು. ಪುಟಕ್ಕೊಂದು ತಲೆಬರಹ: ಪರೀಕ್ಷೆ, ಜ್ವರ, ಗೃಹಪ್ರವೇಶ, ಅತ್ತೆ ಸೊಸೆ, ಮಕ್ಕಳಿಲ್ಲದವರು. ಅದರ ಕೆಳಗೆ ಸತ್ಯವೇದದ, ಅಂದರೆ ಬೈಬಲಿನ, ಯಾವ ಅಧ್ಯಾಯ, ಯಾವ ವಾಕ್ಯ ಎಂಬ ಪಟ್ಟಿ. ವೀಸಾ ಎಂಬ ಪುಟವನ್ನು ಚೆನ್ನೈಗೆ ಬಂದ ಮೇಲೆ ನಾನೇ ಸೇರಿಸಿದೆ. ಕಷ್ಟ ಹೇಳಿಕೊಂಡು ಬಂದವರಿಗೆ ಪುಟ ತೆರೆದು ಚೀಟಿಯಲ್ಲಿ ಬರೆದುಕೊಟ್ಟು, ಪ್ರಾರ್ಥನೆ ಮಾಡಿ ಕಳಿಸುತ್ತಿದ್ದೆ. ಮೆಡಿಕಲ್ ಶಾಪಿನವನ ಕೆಲಸದಷ್ಟೇ ಸಲೀಸು. ಒಮ್ಮೆ ಮಂಡಿನೋವಿನ ಅಜ್ಜಿಯೊಬ್ಬರಿಗೆ ಪುಟ ತಪ್ಪಿ ಮಕ್ಕಳಿಲ್ಲದವರ ವಾಕ್ಯ ಬರೆದುಕೊಟ್ಟೆ. ಅವರು ಮುಂದಿನ ವಾರ ನನ್ನ ಹೆಂಡತಿ ಪ್ರೇಮಾಳ ಹತ್ತಿರ ಬಂದು, "ಈ ವಯಸ್ನಲ್ಲಿ ನಿಮ್ಮ ಯಜಮಾನ್ರು ನನಗೆ ಯಾಕಮ್ಮ ಆಸೆ ತೋರಿಸ್ತಿದಾರೆ" ಎಂದು ಕೇಳಿದರು.

ಎರಡನೆಯ ವರ್ಷ ಬ್ಯಾಂಕಿನಲ್ಲಿದ್ದ ಒಬ್ಬ ತಂದೆ ಬಂದರು. ಅವರ ಮಗ ಸುಧೀರ, ಇಪ್ಪತ್ತೆರಡು ವರ್ಷದವನು, ತನ್ನ ಮನಸ್ಸು ಹುಡುಗಿಯರ ಕಡೆ ಹೋಗುವುದಿಲ್ಲ, ಹುಡುಗರ ಕಡೆಗೇ ಹೋಗುತ್ತದೆ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೂ ಪುಟವಿತ್ತು. 'ದಾರಿ ತಪ್ಪಿದವರು' ಎಂದು ತಲೆಬರಹ, ಕೆಳಗೆ ಆರು ವಾಕ್ಯ. ಚೀಟಿಯಲ್ಲಿ ಬರೆದು ಸುಧೀರನ ಕೈಗೇ ಕೊಟ್ಟೆ. ಅವನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಥ್ಯಾಂಕ್ಸ್ ಹೇಳಿ ಹೋದ. ತಿಂಗಳೊಳಗೆ ಮನೆ ಬಿಟ್ಟು ತ್ರಿಪ್ಲಿಕೇನಿನ ಒಂದು ಮ್ಯಾನ್ಷನ್ನಿನಲ್ಲಿ, ಮದುವೆಯಿಲ್ಲದ ಗಂಡಸರು ಸಾಲಾಗಿ ರೂಮು ಹಿಡಿದಿರುವ ಅಂಥ ಕಟ್ಟಡಗಳಲ್ಲೊಂದರಲ್ಲಿ, ಸೇರಿಕೊಂಡ. ಅವನ ತಂದೆ ಅವನ ಹೆಸರೆತ್ತುವುದನ್ನು ಬಿಟ್ಟರು. ನಾನು ಪುಟದ ಅಂಚಿನಲ್ಲಿ ಟಿಕ್ ಹಾಕಿದೆ. ಕೊಟ್ಟಾಯಿತು ಎಂದು ಅದರ ಅರ್ಥ.

ಹತ್ತು ವರ್ಷದ ಮೇಲೆ ಸುಧೀರನ ತಾಯಿ ತೀರಿಕೊಂಡರು. ಕೀಲ್ಪಾಕ್ ಸಮಾಧಿಸ್ಥಳದಲ್ಲಿ ಮಣ್ಣು ಮಾಡುವಾಗ ಅವನು ಗೇಟಿನ ಹೊರಗೆ ನಿಂತಿದ್ದ. ಒಳಗೆ ಬರಬೇಡ ಎಂದು ಚಿಕ್ಕಪ್ಪಂದಿರು ಹೇಳಿದ್ದರಂತೆ. ಎಲ್ಲರೂ ಹೋದ ಮೇಲೆ ನಾನು ಹೊರಗೆ ಬಂದೆ. ಅವನು ನಮಸ್ಕಾರ ಮಾಡಿದ. ಹೇಗಿದ್ದೀಯಪ್ಪಾ ಎಂದೆ. ಅವನು ಪರ್ಸಿನಿಂದ ನನ್ನ ಚೀಟಿ ತೆಗೆದು ತೋರಿಸಿದ. ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದ.

"ಹರಿದುಹೋಗಬಾರ್ದು ಅಂತ ಮಾಡಿಸ್ದೆ ಅಯ್ಯಾ," ಎಂದ. "ಮನೆಗೆ ಹೋಗ್ಬೇಕು, ಅಮ್ಮನ್ನ ನೋಡ್ಬೇಕು ಅನಿಸ್ದಾಗೆಲ್ಲ ತೆಗೆದು ಓದ್ತಿದ್ದೆ. ಓದಿದ್ಮೇಲೆ ಅನಿಸ್ತಿರ್ಲಿಲ್ಲ."

ಅಂದು ತಾಂಬರಂನ ಮನೆಗೆ ಎಲೆಕ್ಟ್ರಿಕ್ ಟ್ರೈನಿನಲ್ಲಿ ಹೋಗುತ್ತಾ ನಾನು ಅತ್ತೆ. ಎದುರಿಗೆ ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸು ಏನೂ ಕೇಳದೆ ನೀರಿನ ಬಾಟಲಿ ಕೊಟ್ಟಳು. ಮನೆಗೆ ಬಂದು ಆ ಆರು ವಾಕ್ಯಗಳಿದ್ದ ಅಧ್ಯಾಯಗಳನ್ನು ಸುಧೀರನನ್ನು ಎದುರಿಗೆ ಕೂರಿಸಿಕೊಂಡವನಂತೆ ಪೂರ್ತಿಯಾಗಿ ಓದಿದೆ. ಒಂದು ಕಡೆ ಊರಿನ ಗಂಡಸರು ಗುಂಪು ಕಟ್ಟಿಕೊಂಡು ಮನೆಗೆ ಬಂದ ಅತಿಥಿಗಳ ಮೇಲೆ ಬೀಳಲು ಹೋಗುತ್ತಾರೆ. ಅಲ್ಲಿ ಸುಧೀರ ಯಾರ ಹಾಗಿದ್ದಾನೆ, ಸಭೆ ಯಾರ ಹಾಗಿದೆ ಎಂದು ನೋಡಿದರೆ ನಮಗೆ ಅನುಕೂಲವಾಗುವಂತಿರಲಿಲ್ಲ. ಇನ್ನೊಂದು ಕಡೆ ಪಾಪಿಗಳ ಉದ್ದನೆಯ ಪಟ್ಟಿ, ಅದರಲ್ಲಿ ಚಾಡಿಕೋರರೂ ಜಂಬಗಾರರೂ ಇದ್ದರು. ಆ ಪಟ್ಟಿಯನ್ನು ಪೂರ್ತಿ ಜಾರಿಗೆ ತಂದರೆ ನಮ್ಮ ಸಭೆಯಲ್ಲಿ ಹಾಡಲು ಯಾರೂ ಉಳಿಯುತ್ತಿರಲಿಲ್ಲ, ನಾನೂ ಸೇರಿ. ನಾನು ವಿದ್ವಾಂಸನಲ್ಲ. ಆ ಮಾತುಗಳ ಅರ್ಥದ ಬಗ್ಗೆ ದೊಡ್ಡವರು ಇಂದಿಗೂ ವಾದ ಮಾಡುತ್ತಿದ್ದಾರೆ, ಮಾಡಲಿ. ನಾನಂತೂ ಓದಿ ನೋಡದೆ ಚೀಟಿ ಬರೆದಿದ್ದೆ. ಆ ಪುಟವನ್ನು ಹರಿದುಹಾಕಿದೆ.

ಅಷ್ಟರಲ್ಲಿ ಕೆಲಸದ ರೀತಿಯೂ ಬದಲಾಗಿತ್ತು. ಮೇಲಿನಿಂದ, ಅಂದರೆ ಬಿಷಪ್ಪರ ಕಚೇರಿಯಿಂದ, ಒಂದು ತರಬೇತಿಗೆ ಕರೆ ಬಂತು. ಮೂರು ದಿನ, ಎ.ಸಿ. ಹಾಲು, ಮಧ್ಯಾಹ್ನ ಬಿರಿಯಾನಿ. ಇನ್ನು ಮುಂದೆ ಪಾಲಕರು ಉತ್ತರ ಕೊಡಬಾರದು, ಕೇಳಿಸಿಕೊಳ್ಳಬೇಕು ಎಂದು ಹೇಳಿಕೊಟ್ಟರು. ತಲೆಯನ್ನು ಸ್ವಲ್ಪ ಒಂದು ಪಕ್ಕಕ್ಕೆ ವಾಲಿಸಬೇಕು. ಎದುರಿನವರು ಹೇಳಿದ್ದನ್ನೇ ತಿರುಗಿಸಿ ಹೇಳಬೇಕು. ಕೊನೆಗೆ 'ನಾನು ನಿಮ್ಮ ಜೊತೆಗಿದ್ದೇನೆ' ಎನ್ನಬೇಕು. ನನಗೆ ಒಳ್ಳೆಯ ಅಂಕ ಬಂತು. ಮೊದಲೆಲ್ಲ ಮಾತಾಡಿ ಕೆಡಿಸುತ್ತಿದ್ದವನು, ಮಾತಾಡದೆಯೂ ಕೆಡಿಸಬಹುದು ಎಂಬುದನ್ನು ಸರ್ಟಿಫಿಕೇಟಿನ ಸಮೇತ ಕಲಿತು ಬಂದೆ.

ಅಣ್ಣಿಗೇರಿಯವರ ಒಬ್ಬನೇ ಮಗ ಜಯಂತ. ವಿಮೆ ಕಂಪನಿಯಲ್ಲಿ ಕೆಲಸ, ಭಾನುವಾರ ನಮ್ಮ ಸಭೆಯಲ್ಲಿ ಕೀಬೋರ್ಡು ನುಡಿಸುತ್ತಿದ್ದ. ಎರಡು ವರ್ಷ ಮದುವೆ ಬೇಡವೆಂದ. ಆಮೇಲೆ ತಂದೆಯ ಹೃದಯಕ್ಕೆ ಸ್ಟೆಂಟ್ ಹಾಕಿದರು, ಅವರ ಮನಸ್ಸಿಗೆ ನೋವಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದರು, ಅವನು ಆಗಲಿ ಎಂದ. ಬಳ್ಳಾರಿಯಲ್ಲಿ ಶಾಲೆಯ ಟೀಚರಾಗಿದ್ದ ಸುನೀತಾ ಎಂಬ ಹುಡುಗಿಯೊಡನೆ ಗೊತ್ತಾಯಿತು. ಮೊದಲ ಪ್ರಕಟಣೆಯ ಹಿಂದಿನ ಶನಿವಾರ ಸಂಜೆ ನಾನು ಕೋಯಂಬೇಡು ಮಾರ್ಕೆಟ್ಟಿನಿಂದ ತಂದ ಹೂವನ್ನು ನೀರಿನಲ್ಲಿಟ್ಟು, ರಿಜಿಸ್ಟರಿನಲ್ಲಿ ಮೂರು 'ಇಲ್ಲ' ಬರೆದು, ಶಾಯಿ ಆ‌ರಲಿ ಎಂದು ಪಾಲಕರ ಕೋಣೆಯಲ್ಲಿ ಕೂತಿದ್ದೆ. ಜಯಂತ ಬಂದ.

"ಅಯ್ಯಾ, ನನಗ ಹುಡುಗೀರ ಮ್ಯಾಲೆ ಇಂಟರೆಸ್ಟ್ ಇಲ್ಲ," ಎಂದ. "ಸಣ್ಣವನಿದ್ದಾಗಿಂದ್ಲೂ ಇಲ್ಲ. ಅಮ್ಮಾಗ ಗೊತ್ತದ. ಅಪ್ಪಾಗೂ ಹೇಳೀನಿ. ಮದುವಿ ಆದ್ರ ಎಲ್ಲಾ ಸರಿಹೋಗ್ತದ ಅಂತಾರ."

ನಾನು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದೆ. "ನಿನಗೆ ಹುಡುಗಿಯರಲ್ಲಿ ಆಸಕ್ತಿ ಇಲ್ಲ ಅಂತೀಯ," ಎಂದೆ.

"ಅದನ್ನೇ ಹೇಳಿದ್ನಲ್ಲ ಅಯ್ಯಾ."

"ನಾನು ನಿನ್ನ ಜೊತೆಗಿದ್ದೀನಪ್ಪ."

"ಹಂಗಾದ್ರ ನಾಳೆ ಓದಬ್ಯಾಡ್ರಿ."

ಆರಿದ ಶಾಯಿಯನ್ನು ನೋಡಿದೆ. ಪ್ರಕಟಣೆ ನಿಲ್ಲಿಸಬೇಕಾದರೆ ವರನಾಗಲಿ ಅವನ ತಂದೆಯಾಗಲಿ ಕಾರ್ಯದರ್ಶಿಗಳಿಗೆ ಬರೆದುಕೊಡಬೇಕು ಎಂದು ನಿಯಮ ಹೇಳಿದೆ. ಕಾರ್ಯದರ್ಶಿಯೇ ಅವನ ತಂದೆ. ಜಯಂತ ನಕ್ಕ. "ವಿಡುಂಗ ಅಯ್ಯಾ," ಎಂದ. ಬಿಡಿ ಎಂದು ಹೇಳಲು ತಮಿಳನ್ನು ಆರಿಸಿಕೊಂಡದ್ದು ನನ್ನ ಮೇಲಿನ ಗೌರವಕ್ಕೆ ಇರಬೇಕು, ಕನ್ನಡದಲ್ಲಿ ಹೇಳಿದ್ದರೆ ಇನ್ನೂ ಚುಚ್ಚುತ್ತಿತ್ತು. ಮರುದಿನ ಓದಿದೆ. ಯಾರೋ ಕೆಮ್ಮಿದರು. ಅವನು ಮುಂದಿನ ಹಾಡು ನುಡಿಸಿದ. ಎರಡನೆಯ ಭಾನುವಾರವೂ ಓದಿದೆ, ಅವನು ನುಡಿಸಿದ. ನನ್ನ ಧ್ವನಿ ಎರಡು ಸಲವೂ ಸ್ಪಷ್ಟವಾಗಿತ್ತೆಂದು ಹಿಂದಿನ ಬೆಂಚಿನವರು ಮೆಚ್ಚಿದರು.

ಮೂರನೆಯ ಭಾನುವಾರ ಓದಿ, ಅಡ್ಡಿ ಬಲ್ಲವರು ಹೇಳಬೇಕು ಎಂದು ಕೇಳಿ, ರೂಢಿಯಂತೆ ನಿಂತೆ. ಹೆಂಗಸರ ಸಾಲಿನಲ್ಲಿ ಶಾಂತಾಬಾಯಿ ಎದ್ದು ನಿಂತರು.

"ನನಗ ಆಕ್ಷೇಪಣೆ ಐತ್ರಿ ಅಯ್ಯನೋರ," ಎಂದರು.

ಮೂವತ್ತು ವರ್ಷದಲ್ಲಿ ಎಷ್ಟೋ ನೂರು ಸಲ ಆ ಪ್ರಶ್ನೆ ಕೇಳಿದ್ದೇನೆ. ಉತ್ತರ ಬಂದರೆ ಏನು ಮಾಡಬೇಕು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನನ್ನ ಬಾಯಿ ಬಲ್ಲದ್ದು ಒಂದೇ ದಾರಿ. "ಮುಂದಿನ ಹಾಡು, ನೂರ ಹದಿನಾಲ್ಕು," ಎಂದೆ.

ಶಾಂತಾಬಾಯಿ ಕೂರಲಿಲ್ಲ. "ಹಾಡು ಆಮ್ಯಾಲೆ ಹಾಡೋಣ್ರಿ. ನೀವು ಕೇಳಿದ್ರಿ, ನಾ ಹೇಳೀನಿ."

ಅಣ್ಣಿಗೇರಿಯವರು ತಲೆ ಎಣಿಸಲು ಹಿಂದಿರುಗಿದವರು ಹಾಗೆಯೇ ಉಳಿದರು. ಜಯಂತ ಕೀಬೋರ್ಡಿನ ಮೇಲಿನ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಆರಾಧನೆಯನ್ನು ಹೇಗೋ ಮುಗಿಸಿ ಆ ಮೂವರನ್ನು ಪಾಲಕರ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ.

"ನಿನಗ ತಲಿ ಕೆಟ್ಟದೇನು?" ಎಂದು ಅಣ್ಣಿಗೇರಿಯವರು ಹೆಂಡತಿಯನ್ನು ಕೇಳಿದರು. "ಬಳ್ಳಾರಿ ಮಂದಿಗೆ ನಾ ಏನಂತ ಹೇಳ್ಲಿ?"

ಶಾಂತಾಬಾಯಿ ಮಗನ ಕಡೆ ತಿರುಗಿ, "ಹೇಳ್ಲೇನಪಾ?" ಎಂದರು. ಅವನು ತಲೆಯಾಡಿಸಿದ ಮೇಲೆ ನನಗೆ ಹೇಳಿದರು. "ಅಯ್ಯನೋರ, ಸುಳ್ಳು ಸಾಕ್ಷಿ ಹೇಳಬಾರದು ಅಂತ ಸಂಡೇಸ್ಕೂಲಿನ್ಯಾಗ ಹುಡುಗ್ರಿಗೆ ನಾನೇ ಕಲಿಸ್ತೀನಿ. ಗೊತ್ತಿದ್ದೂ ಸುಮ್ನ ಕೂತ್ರ ಅದೇನ್ರಿ ಮತ್ತ? ಎರಡು ವಾರ ಕೂತೆ. ಆ ಹುಡುಗಿ ದಿನಾ ಫೋನ್ ಮಾಡ್ತಾಳ. ಅತ್ತೀ, ಅವರಿಗೆ ಯಾವ ಅಡಗಿ ಸೇರ್ತದ ಅಂತ ಕೇಳ್ತಾಳ. ನಾ ಬದನಿಕಾಯಿ ಎಣಗಾಯಿ ಅಂತೀನಿ. ಅಕಿಗೆ ಹೇಳಬೇಕಾದ್ದು ಅದಲ್ಲಲ್ರಿ."

ನನ್ನ ಆರು ವಾಕ್ಯಗಳ ಪುಟದಲ್ಲಿ ಸುಳ್ಳು ಸಾಕ್ಷಿಯ ಆ ಆಜ್ಞೆ ಇರಲಿಲ್ಲ. ಅದನ್ನು ಆ ತಲೆಬರಹದ ಕೆಳಗೆ ಬರೆದುಕೊಳ್ಳಬೇಕೆಂದು ನನಗಾಗಲಿ ನನ್ನ ಗುರುಗಳಿಗಾಗಲಿ ಹೊಳೆದಿರಲಿಲ್ಲ.

"ನಿಮಗೂ ಗೊತ್ತಿತ್ತಂತ," ಎಂದರು ಶಾಂತಾಬಾಯಿ. "ಇಂವ ಹೇಳ್ಯಾನ."

ಈ ಸಲ ನನ್ನ ತಲೆ ವಾಲಲಿಲ್ಲ. ರಿಜಿಸ್ಟರ್ ತೆರೆದು ಮೂರನೆಯ 'ಇಲ್ಲ'ವನ್ನು ಹೊಡೆದುಹಾಕಿ ಪಕ್ಕದಲ್ಲಿ 'ಇದೆ' ಎಂದು ಬರೆದೆ. ಅಕ್ಷರ ಗೆರೆಯಿಂದ ಕೆಳಗಿಳಿಯಿತು. ನನ್ನ ಸೇವೆಯ ದಾಖಲೆಗಳಲ್ಲೆಲ್ಲ ಸೊಟ್ಟಗಿರುವ ಪದ ಅದೊಂದೇ.

ಹುಡುಗಿಯ ಕಡೆಯ ಸಭೆಯಲ್ಲೂ ಅಂದೇ ಮೂರನೆಯ ಪ್ರಕಟಣೆ. ನಾನು ಫೋನ್ ಮಾಡಿ ತಿಳಿಸಿದಾಗ ಬಳ್ಳಾರಿಯ ಪಾಲಕರು, "ನಾನು ಮೊನ್ನೇನೇ ಇಲ್ಲ ಅಂತ ಬರದಿಟ್ಟೀನಲ್ರೀ, ಈಗೇನ್ ಮಾಡ್ಲಿ?" ಎಂದರು. ಹೊಡೆದುಹಾಕಿ ಎಂದೆ. ಹೊಡೆದುಹಾಕಿದರೆ ಮೇಲಿನವರು ಕೇಳುವುದಿಲ್ಲವೇ ಎಂದು ಅವರಿಗೆ ಚಿಂತೆ. ಹುಡುಗಿಯ ತಂದೆ ನನ್ನನ್ನು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರು, ನನಗೆ ಸಲ್ಲಬೇಕಾದ್ದೇ ಆಗಿತ್ತು. ಎರಡು ದಿನ ಬಿಟ್ಟು ಸುನೀತಾಳೇ ಫೋನ್ ಮಾಡಿದಳು. ಅಳುತ್ತಿದ್ದಳು. "ಅತ್ತೀಗೆ ನನ್ನ ನಮಸ್ಕಾರ ಹೇಳ್ರಿ," ಎಂದಷ್ಟೇ ಹೇಳಿ ಇಟ್ಟಳು.

ಆಕ್ಷೇಪಣೆ ಬಂದರೆ ಅದಕ್ಕೊಂದು ಫಾರಂ ಇದೆ. ಮೇಲಿನ ಕಚೇರಿಯವರು ಬೀರು ತಡಕಾಡಿ ಹಳದಿಗಟ್ಟಿದ ಒಂದನ್ನು ಕಳಿಸಿದರು. ಆಕ್ಷೇಪಣೆಯ ಕಾರಣಗಳು ಅದರಲ್ಲೇ ಇಂಗ್ಲಿಷಿನಲ್ಲಿ ಅಚ್ಚಾಗಿದ್ದವು: ಈಗಾಗಲೇ ಮದುವೆಯಾಗಿದೆ, ಹತ್ತಿರದ ರಕ್ತಸಂಬಂಧ, ವಯಸ್ಸು ಸಾಲದು. ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು. ಮೂರೂ ಅಲ್ಲವೆಂದು ಶಾಂತಾಬಾಯಿ ಹೇಳಿದರು. ಅವರಿಗೆ ಇಂಗ್ಲಿಷ್ ಬರೆಯಲು ಬಾರದು. ಅವರು ಹೇಳುತ್ತಾ ಹೋದದ್ದನ್ನು ಜಯಂತ ಇಂಗ್ಲಿಷಿನಲ್ಲಿ ಅಂಚಿನ ಮೇಲೆ ಬರೆದ: ನನ್ನ ಮಗನಿಗೆ ಹೆಣ್ಣಿನ ಮೇಲೆ ಮನಸ್ಸಿಲ್ಲ. ಇದು ನನಗೆ ಗೊತ್ತು. ಹುಡುಗಿಗೆ ಗೊತ್ತಿಲ್ಲ.

"ಬರದ್ಯಾ?" ಎಂದು ತಾಯಿ ಕೇಳಿದರು. "ಎಳುದಿಟ್ಟೇನ್ಮಾ," ಬರೆದೆನಮ್ಮಾ ಎಂದು ತಮಿಳಿನಲ್ಲೇ ಹೇಳಿ ಅವನು ಕಾಗದವನ್ನು ಅವರ ಕಡೆ ತಿರುಗಿಸಿದ. ಅವರು ಕನ್ನಡದಲ್ಲಿ ಸಹಿ ಮಾಡಿದರು.

ಸಹಿಯ ಕೆಳಗೆ ಇನ್ನೊಂದು ಜಾಗವಿತ್ತು. ಆಕ್ಷೇಪಣೆ ನಿಜವೆಂದು ಅದೇ ಕುಟುಂಬದ ಇನ್ನೊಬ್ಬ ಹಿರಿಯರು ಸಾಕ್ಷಿ ಹಾಕಬೇಕು. ವರನೂ ಪಾಲಕನೂ ಹಾಕುವಂತಿಲ್ಲ. ಪಾಲಕ ಹಾಕುವಂತಿಲ್ಲ ಎಂದು ಓದಿದಾಗ ಒಳಗೊಳಗೇ ಹಗುರಾದೆ, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಉಳಿದವರು ಅಣ್ಣಿಗೇರಿಯವರು ಒಬ್ಬರೇ. ಅವರು ಆ ಕಾಗದದ ಕಡೆ ನೋಡಲೂ ಇಲ್ಲ.

ಬಿಷಪ್ಪರು ನನ್ನನ್ನು ಕರೆಸಿಕೊಂಡರು. ಒಳ್ಳೆಯವರು, ಕಾಫಿ ತರಿಸಿದರು. ವಿಷಯ ಪತ್ರಿಕೆಗೆ ಹೋಗಿದೆಯೇ ಎಂದು ಕೇಳಿದರು. ಇಲ್ಲವೆಂದೆ. ವಾಟ್ಸಾಪಿಗೆ? ನಮ್ಮ ಸಭೆಯವರ ಗುಂಪಿಗೆ ಮಾತ್ರ ಎಂದೆ. "ಹಾಗಾದರೆ ಪ್ರಾರ್ಥಿಸೋಣ," ಎಂದರು. ಪ್ರಾರ್ಥನೆಯಾದ ಮೇಲೆ ಫಾರಂ ಪೂರ್ತಿ ತುಂಬಿ ಕಳಿಸಿ ಎಂದರು.

ಜಯಂತನಿಗೆ ಮನೆಯಲ್ಲಿರುವುದು ಕಷ್ಟವಾಯಿತು. ತಂದೆ ಒಂದು ಮಾತೂ ಬೈದಿರಲಿಲ್ಲ. ಊಟಕ್ಕೆ ಕೂತಾಗ ಅವನ ಕುರ್ಚಿ ಖಾಲಿಯಿದೆ ಎಂಬಂತೆ ಅದರ ಮೇಲೆ ಪೇಪರು ಇಡುತ್ತಿದ್ದರಂತೆ. ನನಗೆ ಗೊತ್ತಿದ್ದ ಒಬ್ಬನೇ ಮನುಷ್ಯನಿಗೆ ಫೋನ್ ಮಾಡಿದೆ, ಅಷ್ಟು ವರ್ಷಗಳ ಮೇಲೆ. ಸುಧೀರ ಎಲ್ಲ ಕೇಳಿಸಿಕೊಂಡು, "ಅವನಿಗೂ ಚೀಟಿ ಕೊಟ್ರಾ ಅಯ್ಯಾ?" ಎಂದ.

"ಇಲ್ಲಪ್ಪ. ನಿನಗೆ ಕೊಟ್ಟಿದ್ದೂ ತಪ್ಪು. ಅದನ್ನ ಹೇಳೋಕೆ ಇಷ್ಟು ದಿನ ಆಯ್ತು. ಕ್ಷಮಿಸಪ್ಪ."

"ಕಳಿಸಿ, ಪಕ್ಕದ ರೂಮು ಖಾಲಿ ಇದೆ," ಎಂದ.

ಜಯಂತ ಭಾನುವಾರ ಬರುವುದನ್ನು ಬಿಡಲಿಲ್ಲ. ಕೀಬೋರ್ಡಿಗೆ ಬಟ್ಟೆ ಹೊದಿಸಿದ್ದೆವು. ಅವನು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ತಾಯಿ ಡಬ್ಬಿಯಲ್ಲಿ ಊಟ ತಂದುಕೊಡುತ್ತಿದ್ದರು. ನಾವು ಶ್ರುತಿಯಿಲ್ಲದೆ ಹಾಡುತ್ತಿದ್ದೆವು. ಒಂದು ತಿಂಗಳಾದ ಮೇಲೆ ನಾನೊಂದು ಗಮನಿಸಿದೆ. ನನ್ನ ಎಣಿಕೆಗೂ ಹಾಜರಿ ಪುಸ್ತಕಕ್ಕೂ ಪ್ರತಿ ವಾರ ಒಂದು ತಲೆಯ ವ್ಯತ್ಯಾಸ. ನಾನು ಅರವತ್ತೊಂದು ಎಣಿಸಿದರೆ ಪುಸ್ತಕದಲ್ಲಿ ಅರವತ್ತು. ಐವತ್ತೆಂಟಿದ್ದರೆ ಐವತ್ತೇಳು. ಮೂವತ್ತಾರು ವರ್ಷ ರೈಲ್ವೆಯಲ್ಲಿ ಒಂದು ಸಂಖ್ಯೆ ತಪ್ಪದವರು ಮಗನನ್ನು ಬಿಟ್ಟು ಎಣಿಸುತ್ತಿದ್ದರು. ಇನ್ನೊಬ್ಬ ಸುಧೀರನನ್ನು ಗೇಟಿನ ಹೊರಗೆ ನಿಲ್ಲಿಸುತ್ತಿದ್ದೇವೆ ಎಂದು ನನಗೆ ಭಯವಾಯಿತು.

ಒಂದು ದಿನ ಅಣ್ಣಿಗೇರಿಯವರು ನಾಲ್ಕಕ್ಕೆ ಮುಂಚೆಯೇ ಬಂದು ನನ್ನೆದುರು ಕೂತರು. "ನಿಮ್ಮ ನೋಟ್‌ಬುಕ್ಕಿನ್ಯಾಗ ಆರು ವಾಕ್ಯ ಅದಾವಂತಲ್ರಿ. ಬ್ಯಾಂಕಿನವರ ಮಗಗ ಕೊಟ್ಟಿದ್ರಂತ. ನಮ್ಮ ಹುಡುಗಗೂ ಬರದುಕೊಡ್ರಿ," ಎಂದರು.

ಪುಟ ಹರಿದಿದ್ದರೂ ಆ ಆರೂ ನನಗೆ ಬಾಯಿಪಾಠವಾಗಿತ್ತು. "ಕೊಡ್ತೀನಿ," ಎಂದೆ. "ಆದರೆ ವಾರಕ್ಕೊಂದು, ಅದೂ ಪೂರ್ತಿ ಅಧ್ಯಾಯ. ನಾವಿಬ್ಬರೂ ಕೂತು ಓದೋಣ. ಆರೂ ಮುಗಿದ ಮೇಲೆ ನೀವೇ ನಿಮ್ಮ ಕೈಯಾರೆ ಬರೆದು ಮಗನಿಗೆ ಕೊಡಿ."

ಕ್ರಮಬದ್ಧವಾದ ಯಾವುದನ್ನೂ ಅವರು ಬೇಡವೆನ್ನುವವರಲ್ಲ. ಆರು ಭಾನುವಾರ ಮೂರು ಗಂಟೆಗೆ ಸರಿಯಾಗಿ ಬಂದರು. ಹಿಂದಿನ ಸಾಲು, ಮುಂದಿನ ಸಾಲು ಎಲ್ಲ ಓದಿ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಯಾರು ಯಾರಿಗೆ ಬರೆದದ್ದು, ಯಾವ ಸಂದರ್ಭ, ಇದಕ್ಕೆ ಹಿಂದಿನ ಆದೇಶ ರದ್ದಾಗಿದೆಯೇ ಎಂದು ಕೇಳಿದರು. ಪಾಪಿಗಳ ಪಟ್ಟಿ ಬಂದಾಗ ಜಂಬಗಾರರು ಎಂಬಲ್ಲಿ ಪೆನ್ಸಿಲು ಸ್ವಲ್ಪ ಹೊತ್ತು ನಿಂತಿತು. ನನಗೆ ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೆ. ಈ ಎರಡನೆಯದನ್ನು ಪಾಲಕನಾಗಿ ಅಲ್ಲಿಯವರೆಗೆ ಹೇಳಿರಲಿಲ್ಲ. ಆರನೆಯ ವಾರ ಅವರು ಸತ್ಯವೇದ ಮುಚ್ಚಿ ಕನ್ನಡಕ ತೆಗೆದರು.

"ಇಷ್ಟೆಲ್ಲಾ ಓದಿದ ಮ್ಯಾಲೂ ನನಗೇನೂ ಪೂರಾ ತಿಳೀಲಿಲ್ರಿ ಅಯ್ಯನೋರ. ನಿಮಗೂ ತಿಳಿದಿಲ್ಲ ಅನ್ನೋದು ಮಾತ್ರ ತಿಳೀತು."

"ಹೌದು ಅಣ್ಣಿಗೇರಿಯವರೇ."

"ಹಂಗಾದ್ರ ಆ ಬ್ಯಾಂಕಿನವರ ಹುಡುಗಗ ಹೆಂಗ್ ಬರದುಕೊಟ್ರಿ?"

ಲ್ಯಾಮಿನೇಷನ್ ಮಾಡಿಸಿದ ಚೀಟಿಯ ಕಥೆಯನ್ನು ಅವರಿಗೆ ಹೇಳಿದೆ. ಗೇಟಿನ ಹೊರಗೆ ನಿಂತದ್ದನ್ನೂ ಹೇಳಿದೆ. ಅವರು ಎದ್ದು ಹೋಗಿ ಮೊದಲ ಬೆಂಚಿನಲ್ಲಿ ಕೂತರು. ಅಂದೂ ಪುಸ್ತಕದಲ್ಲಿ ಒಂದು ಕಡಿಮೆಯೇ ಇತ್ತು. ಮಗನಿಗೆ ಚೀಟಿಯನ್ನೂ ಕೊಡಲಿಲ್ಲ.

ಈ ನಡುವೆ ಫಾರಂ ಎರಡು ಸಲ ವಾಪಸು ಬಂದಿತ್ತು. ಒಮ್ಮೆ ಕಾರಣಕ್ಕೆ ಗುರುತು ಹಾಕಿಲ್ಲವೆಂದು, ಅಂಚಿನಲ್ಲಿರುವುದೇ ಕಾರಣವೆಂದು ನಾನು ಒಪ್ಪಿಸಿದ ಮೇಲೆ ಇನ್ನೊಮ್ಮೆ ಸಾಕ್ಷಿ ಇಲ್ಲವೆಂದು. ಮೂರನೆಯ ಸಲ ಕಚೇರಿಯ ಗುಮಾಸ್ತರು ನನಗೆ ಬರೆಯುವ ಬದಲು ಕಾರ್ಯದರ್ಶಿಗಳಿಗೇ ಬರೆದರು: ನಿಮ್ಮ ಸಭೆಯ ದಾಖಲೆ ಅಪೂರ್ಣವಾಗಿದ್ದು ವಾರ್ಷಿಕ ವರದಿಯನ್ನು ಸ್ವೀಕರಿಸಲಾಗುವುದಿಲ್ಲ. ಅಣ್ಣಿಗೇರಿಯವರಿಗೆ ಜೀವನದಲ್ಲಿ ಅಂಥ ಕಾಗದ ಬಂದಿರಲಿಲ್ಲ. ಮುಂದಿನ ಭಾನುವಾರ ಆರಾಧನೆಗೆ ಹತ್ತು ನಿಮಿಷವಿರುವಾಗ ಅದನ್ನು ಹಿಡಿದುಕೊಂಡು ನನ್ನ ಕೋಣೆಗೆ ಬಂದರು.

"ಒಂದ್ ಫಾರಂ ತುಂಬಾಕ ಎಂಟು ತಿಂಗಳು ಬೇಕೇನ್ರಿ? ಎಲ್ಲೈತಿ, ಕೊಡ್ರಿ," ಎಂದರು.

ಕೊಟ್ಟೆ. ನಿಂತೇ ಓದಿದರು. ಅಂಚಿನಲ್ಲಿ ಮಗ ಬರೆದ ಮೂರು ವಾಕ್ಯಗಳನ್ನು ಓದಿ, ಕೂತು, ಇನ್ನೊಮ್ಮೆ ಓದಿದರು. "ಅಕ್ಷರ ಚಂದ ಬರೀತಾನ," ಎಂದರು. "ಸಣ್ಣವನಿದ್ದಾಗ ನಾನೇ ಕಾಪಿ ಬರೆಸ್ತಿದ್ದೆ." ಆಮೇಲೆ ಕೈ ಚಾಚಿದರು. ಪೆನ್ನು ಕೊಟ್ಟೆ. ಸಾಕ್ಷಿಯ ಜಾಗದಲ್ಲಿ ಸಹಿ ಮಾಡಿ, ಎಂದಿನಂತೆ ಕೆಳಗೆ 'ಕಾರ್ಯದರ್ಶಿ' ಎಂದು ಬರೆದರು. ಕಾಗದವನ್ನು ನನ್ನ ಕಡೆ ತಳ್ಳಿದವರು ಮತ್ತೆ ಎಳೆದುಕೊಂಡರು. ಸಂಬಂಧ ಎಂಬ ಅಂಕಣವನ್ನು ನೋಡಿದರು. 'ಕಾರ್ಯದರ್ಶಿ' ಎಂಬುದರ ಮೇಲೆ ಸ್ಕೇಲು ಇಟ್ಟು ನೇರವಾಗಿ ಒಂದು ಗೆರೆ ಎಳೆದು, ಪಕ್ಕದಲ್ಲಿ 'ತಂದೆ' ಎಂದು ಬರೆದರು.

"ಇನ್ನಾದ್ರೂ ವಾಪಸ್ ಬರಂಗಿಲ್ಲಲ್ರಿ?" ಎಂದು ಕೇಳಿದರು. ಬರುವುದಿಲ್ಲ ಎಂದೆ.

ಅದಾಗಿ ಎರಡು ವರ್ಷಕ್ಕೆ ನಿವೃತ್ತನಾದೆ. ಹೊಸಬರಿಗೆ ರಿಜಿಸ್ಟರ್ ಒಪ್ಪಿಸುವಾಗ ಆ ಸೊಟ್ಟ ಪದವನ್ನು ತೋರಿಸಿ, ಆ ಅಂಕಣವನ್ನು ಭಾನುವಾರವೇ ತುಂಬಿ, ಅದೂ ಸಾಕಷ್ಟು ಹೊತ್ತು ಕಾದು ತುಂಬಿ ಎಂದು ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ, ಇದಕ್ಕಿಂತ ದೊಡ್ಡ ಸಲಹೆ ನನ್ನಲ್ಲಿಲ್ಲ.

ಫಾರಂನಲ್ಲಿ 'ತಂದೆ' ಎಂದು ಬರೆದ ಆ ಭಾನುವಾರ ನಾವು ಎರಡನೆಯ ಹಾಡು ಹಾಡುವಾಗ ಅಣ್ಣಿಗೇರಿಯವರು ಹಿಂದಿರುಗಿ ನೋಡಿದರು. ಎಂದಿಗಿಂತ ಹೆಚ್ಚು ಹೊತ್ತು ನೋಡಿದರು. ನಾನೂ ಎಣಿಸಿದೆ. ಎಲ್ಲರೂ ಹೋದ ಮೇಲೆ ಹಾಜರಿ ಪುಸ್ತಕ ತೆರೆದೆ. ಅದರಲ್ಲಿ ಅರವತ್ಮೂರು ಎಂದಿತ್ತು. ನನ್ನ ಎಣಿಕೆಯೂ ಅರವತ್ಮೂರೇ.